ಅಮ್ಮನ ಮಾತು ಎಲ್ಲಿ ಅಡಗಿತ್ತು

"ನಿನಗೆ ತಲೆ ಇಲ್ಲ, ಇದೆಲ್ಲ ನಿನ್ನ ಕೈಲಿ ಆಗೋದಲ್ಲ" ಎಂದು ಮೊದಲು ಹೇಳಿದವರು ನನ್ನ ಭಾವ. ಶಿಡ್ಲಘಟ್ಟದಲ್ಲಿ ನಾನೂ ಅಮ್ಮನೂ ಒಂದೇ ಒಂದು ಚರಕ ಇಟ್ಟುಕೊಂಡು ರೇಷ್ಮೆಗೂಡಿನಿಂದ ನೂಲು ತೆಗೆಯಲು ಕುಳಿತ ದಿನ ಅದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಕೆಣಕಿದರೆ ಬಿಡುವವಳಲ್ಲ. ಆ ಒಂದು ಚರಕ ಎಂಟಾಯಿತು. ಈ ತಲೆಯ ವಿಚಾರವೂ ನನ್ನನ್ನು ಬಿಡಲಿಲ್ಲ. ಅದರ ಸುತ್ತ ನಮ್ಮ ಶೆಡ್ಡಿನಲ್ಲಿ ಏನಾದರೊಂದು ನಡೆಯುತ್ತಲೇ ಬಂದಿದೆ.

೧. ತೂಕಕ್ಕೆ ಕೊಂಡ ಪುಸ್ತಕ

ತೊಂಬತ್ತರ ದಶಕದ ಮೊದಲ ವರ್ಷಗಳು. ಒಂದು ಬೆಳಿಗ್ಗೆ ಗೂಡು ಬೇಯಿಸುತ್ತಿದ್ದ ಅಮ್ಮ ಹಾಗೇ ಕುಸಿದಳು. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ಹೋಯಿತು.

ಚಿಕ್ಕಬಳ್ಳಾಪುರದ ಡಾಕ್ಟರು ಕೇಳಿದರು: "ಮಾತಿನ ಜಾಗ ಮಿದುಳಿನ ಎಡಗಡೆ ಇರುತ್ತಮ್ಮ. ಅಲ್ಲಿಗೇ ಪೆಟ್ಟಾಗಿದೆ. ಇವರಿಗೆ ಯಾವ ಭಾಷೆ ಬರ್ತಿತ್ತು?"

"ಮನೇಲಿ ತೆಲುಗು, ಹೊರಗೆ ಕನ್ನಡ."

"ಎರಡರಲ್ಲೂ ಮಾತಾಡಿಸ್ತಾ ಇರಿ. ಯಾವುದು ಮೊದಲು ಬರುತ್ತೆ ಹೇಳಕ್ಕಾಗಲ್ಲ. ಬರದೇನೂ ಇರಬಹುದು."

ಆ ಕೊನೆಯ ಮಾತು ಎದೆಯಲ್ಲಿ ಕೂತುಬಿಟ್ಟಿತು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸ್ಥಿತಿ ಹೇಳುತ್ತಿದ್ದವಳು ಅಮ್ಮ. ಅವಳು ಹೇಳದೆ ನಾನು ಒಂದು ಬುಟ್ಟಿ ಗೂಡನ್ನೂ ಕೊಂಡವಳಲ್ಲ. ಮಾತು ಹೋದದ್ದು ಎಲ್ಲಿಗೆ ಎಂದು ನನಗೆ ತಿಳಿಯಲೇಬೇಕಿತ್ತು. ಬಸ್‌ಸ್ಟ್ಯಾಂಡಿನ ಪಕ್ಕದ ಹಳೇ ಪೇಪರ್ ಅಂಗಡಿಯಲ್ಲಿ ಮಿದುಳಿನ ಮೇಲೆ ಒಂದು ಕನ್ನಡ ಪುಸ್ತಕ ಸಿಕ್ಕಿತು. ರಟ್ಟು ಹೋಗಿತ್ತು.

ಅಂಗಡಿಯವನು ಅಂದ: "ಬೋಂಡಾ ಕಟ್ಟೋಕಾದ್ರೆ ಅದು ಬೇಡಮ್ಮ. ಎಣ್ಣೆ ಹೀರಲ್ಲ."

"ಓದೋಕೆ."

ಅವನು ತಲೆ ಕೆರೆದುಕೊಂಡ. "ಅಯ್ಯೋ, ಮೊದಲ ಇಪ್ಪತ್ತು ಹಾಳೇಲಿ ಕಡ್ಲೇಕಾಯಿ ಕಟ್ಟಿಬಿಟ್ಟಿದೀನಲ್ಲ! ಓದೋರು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

೨. ಕೈಗೆ ಬಂದ ತಲೆ

ನಾಲ್ಕು ಜನರ ಮಾತು ಕಿವಿಗೆ ಬೀಳಲಿ ಎಂದು ಅಮ್ಮನ ಮಂಚವನ್ನು ಶೆಡ್ಡಿನ ಬಾಗಿಲ ಬಳಿ ಹಾಕಿಸಿದೆ. ಪುಸ್ತಕವನ್ನೂ ಅಲ್ಲೇ ಕೂತು ಜೋರಾಗಿ ಓದುತ್ತಿದ್ದೆ. ಅಭ್ಯಾಸವಾದ ಕೆಲಸವನ್ನು ಮಿದುಳು ನಮ್ಮನ್ನು ಕೇಳದೆಯೇ ಕೈಗೆ ವಹಿಸಿಬಿಡುತ್ತದೆ ಎಂಬ ಮಾತು ಬಂತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ನೂಲು ತೆಗೆಯುವ ಹಿರಿಯ ಹೆಂಗಸನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆವು. ಅವರು ಕೇಳಿದರು: "ಅಂದ್ರೆ ನನ್ನ ಕೈ ಏನು ಮಾಡ್ತಿದೆ ಅಂತ ನನಗೇ ಗೊತ್ತಿಲ್ವಾ?"

"ನೋಡ್ಕೊಳ್ಳಿ ಆಪಾ. ಹೊಸ ಗೂಡಿನ ಎಳೆ ಸೇರಿಸುವಾಗ ಯಾವ ಬೆರಳು ಮೊದಲು ಹೋಗುತ್ತೆ?"

ಅವರು ನೋಡಿಕೊಂಡರು. ಪಕ್ಕದವಳು ನೋಡಿಕೊಂಡಳು. ಎಂಟೂ ಚರಕದವರು ತಮ್ಮ ತಮ್ಮ ಬೆರಳು ನೋಡಿಕೊಳ್ಳತೊಡಗಿದರು. ಪಟಪಟ ಎಂದು ಎಳೆಗಳು ಕಡಿಯತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಒಂದು ಚರಕವೂ ನೆಟ್ಟಗೆ ತಿರುಗುತ್ತಿರಲಿಲ್ಲ.

ಆಪಾ ಕೈ ಮುಗಿದರು: "ಆ ಪುಸ್ತಕ ಮುಚ್ಚಿಬಿಡಮ್ಮ. ಮೂವತ್ತು ವರ್ಷದಿಂದ ಬರ್ತಿದ್ದ ಕೆಲಸಾನ ಓದಿ ಓದಿ ಮರೆಸಿಬಿಟ್ಯಲ್ಲ!"

೩. ಬಸ್ಸಿನಲ್ಲಿ ಮರ್ಯಾದೆ

ಗೌರಿಬಿದನೂರಿನಲ್ಲಿ ಮಾತು ಬರಿಸುವ ಔಷಧ ಕೊಡುತ್ತಾರೆಂದು ಯಾರೋ ಹೇಳಿದರು. ಕೆಲಸದ ನಡುವೆಯೇ ಎದ್ದು ಬಸ್ ಹತ್ತಿದೆ. ಬಸ್ಸು ತುಂಬಿ ಜನ ಬಾಗಿಲಲ್ಲಿ ನೇತಾಡುತ್ತಿದ್ದರು. ಆದರೂ ನನ್ನ ಪಕ್ಕದ ಸೀಟು ಖಾಲಿ. ಎಂಟು ಚರಕದ ಯಜಮಾನಿ ಎಂದು ಜನಕ್ಕೆ ಗೊತ್ತಾಗಿದೆ, ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡು ಕಾಲು ನೀಡಿ ಕುಳಿತೆ.

ಕಂಡಕ್ಟರು ಮೂಗಿಗೆ ಕರ್ಚೀಫು ಹಿಡಿದು ಟಿಕೆಟ್ ಕೊಟ್ಟಾಗ ಹೊಳೆಯಿತು. ಬೆಂದ ರೇಷ್ಮೆಹುಳದ ನಾತ! ದಿನವೂ ಬರುವ ವಾಸನೆಯನ್ನು ಮಿದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ನಾನೇ ಹಿಂದಿನ ವಾರ ಓದಿದ್ದೆ.

"ಎಲ್ಲೂ ನಿಲ್ಲಿಸದೆ ಹೋಗ್ತಿದೀರಲ್ಲ?" ಎಂದು ಕೇಳಿದೆ.

"ನೀವು ಇಳಿಯೋ ತನಕ ಬ್ರೇಕ್ ಹಾಕಲ್ಲ ಅಂತಿದಾನಮ್ಮ ಡ್ರೈವರ್ರು."

ತಂದ ಔಷಧದಿಂದ ಏನೂ ಆಗಲಿಲ್ಲ.

೪. ಸಕ್ಕರೆ

ತಿಂಗಳುಗಳು ಕಳೆದವು. ಬೆಳಿಗ್ಗೆ ತೆಲುಗಿನಲ್ಲಿ, ಸಂಜೆ ಕನ್ನಡದಲ್ಲಿ ಮಾತಾಡಿಸುತ್ತಿದ್ದೆ. ಅಮ್ಮ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಇನ್ನು ಬರುವುದಿಲ್ಲ ಎಂದು ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದೆ.

ನಮ್ಮ ಕೆಲಸದವರು ತಮ್ಮತಮ್ಮಲ್ಲಿ ಉರ್ದುವಿನಲ್ಲೇ ಮಾತಾಡುವುದು. "ನನಗೆ ನಿಮ್ಮ ಉರ್ದು ಒಂದಕ್ಷರ ಬರಲ್ಲ ಕಣ್ರಮ್ಮ" ಎಂದು ಅಮ್ಮ ಮೊದಲಿನಿಂದಲೂ ಹೇಳಿಕೊಂಡು ಬಂದವಳು. ಹಾಗಾಗಿ ಅವಳ ಎದುರಿಗೆ ಯಾರಿಗೂ ಸಂಕೋಚವಿರಲಿಲ್ಲ. ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಆಪಾ ಪಕ್ಕದವಳಿಗೆ ಉರ್ದುವಿನಲ್ಲಿ, "ಪಾಪ, ಮುದುಕಿ ಗಟ್ಟಿಯಾಗಿದ್ದಾಗ ಟೀಗೆ ಸಕ್ಕರೆ ತೋರಿಸಿ ಹಾಗೇ ಒಳಗಿಡ್ತಿದ್ಲು. ಮಗಳ ಕಾಲದಲ್ಲಿ ಬಾಯಿ ಸಿಹಿಯಾಯ್ತು" ಅಂದರು.

ಮಂಚದಿಂದ ಧ್ವನಿ ಬಂತು: "ಝೂಟ್! ಮೈ ದೋ ಚಮ್ಚೆ ಡಾಲ್ತಿ ಥಿ!"

ಸುಳ್ಳು, ಎರಡು ಚಮಚ ಹಾಕುತ್ತಿದ್ದೆ ನಾನು! ಮಾತು ಸ್ವಲ್ಪ ತೊದಲಿತ್ತು, ಸಿಟ್ಟು ತೊದಲಿರಲಿಲ್ಲ. ಚರಕಗಳು ನಿಂತವು. ನಾನು ಮಂಚದ ಬಳಿ ಓಡಿಬಂದು ಅಳುತ್ತಾ ಕುಳಿತೆ. ಅಮ್ಮ ನನ್ನನ್ನು ನೋಡಲೇ ಇಲ್ಲ. ಎಡಗೈ ಬೆರಳು ಚಾಚಿ, ಯಾರು ತನ್ನ ನಡಿಗೆಯನ್ನು ಅಣಕಿಸಿದ್ದರು, ಯಾರು ತನ್ನ ಮೂಗನ್ನು ಬದನೆಕಾಯಿ ಅಂದಿದ್ದರು ಎಂದು ಒಬ್ಬೊಬ್ಬರನ್ನೇ ತೋರಿಸುತ್ತಾ ಉರ್ದುವಿನಲ್ಲಿ ಶುರುಮಾಡಿದಳು.

ಆಪಾ ಕೆನ್ನೆ ಬಡಿದುಕೊಂಡರು. "ಯಾ ಅಲ್ಲಾ! ಇಷ್ಟು ವರ್ಷ ಎಲ್ಲಾ ಕೇಳಿಸ್ಕೊಂಡ್ರಾ?"

"ಸಬ್," ಅಂದಳು ಅಮ್ಮ.

ಆಪಾ ನನ್ನನ್ನು ಪಕ್ಕಕ್ಕೆ ಎಳೆದರು. ಅವರ ಕಣ್ಣಲ್ಲೂ ನೀರಿತ್ತು. "ದೇವರು ದೊಡ್ಡವನಮ್ಮ, ಮಾತು ಬಂತು. ಆದ್ರೂ ಡಾಕ್ಟರನ್ನ ಒಂದು ಮಾತು ಕೇಳು. ಜ್ಞಾಪಕಶಕ್ತಿನೂ ಪೂರ್ತಿ ಬಂದುಬಿಡುತ್ತಾ?"

ಈಗ ನನ್ನ ಹೆಸರಿನಲ್ಲಿ ಸ್ವಂತ ಶೆಡ್ಡಿದೆ, ಹದಿನಾಲ್ಕು ಚರಕಗಳಿವೆ, ಒಂದು ಬೀರುವಿನ ತುಂಬ ಪುಸ್ತಕಗಳಿವೆ. ಹತ್ತು ಬೆರಳ ತುದಿಯ ಗೆರೆಗಳನ್ನು ಕುದಿನೀರು ತಿಂದುಹಾಕಿದೆ. ಅಮ್ಮನಿಗೆ ಉರ್ದು ಪೂರ್ತಿ ಬಂತು, ತೆಲುಗು ಅರ್ಧ ಬಂತು, ಕನ್ನಡ ಬರಲಿಲ್ಲ. ನನ್ನ ಹೆಸರೂ ಬರಲಿಲ್ಲ. ಮಗಳೇ ಎಂದು ಕರೆಯಲೂ "ಬೇಟಿ" ಅನ್ನುತ್ತಾಳೆ.