ದೊಡ್ಡ ಕಾರಿನ ‘ಧಪ್’

ಮನೆಯಲ್ಲಿ ಏನೋ ನಡೆಯುತ್ತಿದೆ ಎಂದು ಅಜ್ಜಿಗೆ ಮೊದಲು ವಾಸನೆ ಬಡಿದದ್ದು ಸೊಸೆಯ ನಯವಿನಯದಿಂದ. ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಒಂದು ದಿನವೂ, "ಅತ್ತೆ, ನೀವು ಕೂತ್ಕೊಳ್ಳಿ, ಹಜಾರ ನಾನು ಒರೆಸ್ತೀನಿ" ಎಂದವಳಲ್ಲ. ಸೋಮವಾರ ಬೆಳಿಗ್ಗೆ ಅಂದಳು. ಬರೀ ಅಂದಿದ್ದರೆ ಮೈ ಸರಿಯಿಲ್ಲವೇನೋ ಎಂದು ಅಜ್ಜಿ ಹಣೆ ಮುಟ್ಟಿ ನೋಡಿ ಸುಮ್ಮನಾಗುತ್ತಿದ್ದಳು. ಆದರೆ ಸೊಸೆ ಒಂದು ಮೆತ್ತನೆ ಬಟ್ಟೆ ತಂದು, ಹಜಾರದ ಮೂಲೆಯಲ್ಲಿದ್ದ ಬಾಗಿಲನ್ನು ಹಸುಗೂಸಿನ ಮೈ ಒರೆಸಿದ ಹಾಗೆ ಒರೆಸತೊಡಗಿದಳು. ಅಜ್ಜಿ ಕೂತಲ್ಲಿಂದ ಎದ್ದು ನಿಂತಳು.

ಈ ಬಾಗಿಲಿನ ವಿಷಯ ಹೇಳದೆ ಮುಂದಿನದು ತಿಳಿಯುವುದಿಲ್ಲ. ಅದರಿಂದ ಹೊರಗೂ ಹೋಗುವಂತಿಲ್ಲ, ಒಳಗೂ ಬರುವಂತಿಲ್ಲ. ಅದು ಕಾರಿನ ಬಾಗಿಲು. ಕಾರು ಇಲ್ಲ, ಬಾಗಿಲು ಮಾತ್ರ. ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಚೌಕಟ್ಟನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದದ್ದು. ಊರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಕಾರಿಗೆ ಕಾಗದದಲ್ಲಿ ಉದ್ದನೆಯ ಹೆಸರೊಂದಿತ್ತು. ಊರಿನ ಬಾಯಲ್ಲಿ ಮಾತ್ರ ಅದು ದೊಡ್ಡ ಕಾರು. ದೊಡ್ಡವರು ಕೂರುವ ಕಾರು. ಮಾಡುವವರು ಬಸ್ಸಿನಲ್ಲೇ ಓಡಾಡುವ ಕಾರು.

ಅಜ್ಜಿಯ ಯಜಮಾನರು ಆ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ವರ್ಷ ಬಾಗಿಲು ಕೇಳುವವರಾಗಿದ್ದರು. ನೋಡುವವರಲ್ಲ, ಕೇಳುವವರು. ಒಂದು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಮೊದಲು ನಮೂನೆ ಬಾಗಿಲನ್ನು, ಅಂದರೆ ಸದ್ದು ಹೀಗಿರಬೇಕೆಂದು ಮಾದರಿಗೆ ಇಟ್ಟಿದ್ದ ಈ ಬಾಗಿಲನ್ನು, ಮುಚ್ಚುವುದು. ಧಪ್! ಆಮೇಲೆ ಹೊಸ ಕಾರಿನ ಬಾಗಿಲು. ಎರಡೂ ಒಂದೇ ಆದರೆ ಯಜಮಾನರು "ಹ್ಞೂಂ" ಅನ್ನುತ್ತಿದ್ದರು, ಕಾರು ಮುಂದಕ್ಕೆ. ಅವರು ಸುಮ್ಮನಿದ್ದರೆ ಕಾರು ಹಿಂದಕ್ಕೆ. ಆ ಒಂದು "ಹ್ಞೂಂ"ಗೋಸ್ಕರ ಎಂಥೆಂಥ ಎಂಜಿನಿಯರುಗಳು ಸ್ಟೂಲಿನ ಸುತ್ತ ಕೈಕಟ್ಟಿ ನಿಂತಿದ್ದರಂತೆ. (ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಿಡಿಯುತ್ತಿದ್ದ ಆ ಕಿವಿಗೆ, ಹೆಂಡತಿ ಅಡುಗೆಮನೆಯಿಂದ ಕರೆದದ್ದು ಮಾತ್ರ ಒಂದು ದಿನವೂ ಕೇಳಿಸಲಿಲ್ಲ.)

ಅವರು ನಿವೃತ್ತರಾಗುವ ಹೊತ್ತಿಗೆ ಬಂದಿದ್ದ ಹೊಸ ಮ್ಯಾನೇಜರು ನಮೂನೆ ಬಾಗಿಲನ್ನು ಹಳೇ ತಗಡು ಎಂದು ತೀರ್ಮಾನಿಸಿ, ಅದನ್ನೇ ಬೀಳ್ಕೊಡುಗೆಯ ಉಡುಗೊರೆಯಾಗಿ ಕೊಟ್ಟುಬಿಟ್ಟ. ಯಜಮಾನರು ತೀರಿಕೊಂಡು ಆರು ವರ್ಷವಾಗಿದೆ. ಅಜ್ಜಿ ದಿನಾ ಬೆಳಿಗ್ಗೆ ಮುಖ ತೊಳೆದು, ಆ ಬಾಗಿಲನ್ನು ಒಂದು ಸಲ ತೆಗೆದು ಮುಚ್ಚುತ್ತಾಳೆ. ಧಪ್. ತಾನೇ "ಹ್ಞೂಂ" ಅನ್ನುತ್ತಾಳೆ. ಕಾಫಿ ಅದಾದ ಮೇಲೆಯೇ. ಆ ಮನುಷ್ಯ ಉಳಿಸಿಹೋದ ಸದ್ದು ಅದೊಂದೇ.

ಅಂಥ ಬಾಗಿಲನ್ನು ಸೊಸೆ ಒರೆಸುತ್ತಿದ್ದಾಳೆ! ಸಾಯಂಕಾಲ ನೋಡಿದರೆ ಮಗ ಅದರ ಮುಂದೆ ಟೇಪು ಹಿಡಿದು ನಿಂತಿದ್ದಾನೆ.

"ಏನೋ ಅದು?"

"ಏನಿಲ್ಲಮ್ಮ. ಸುಮ್ನೆ ಅಳೀತಿದ್ದೆ."

"ಸುಮ್ನೆ ಅಳೆಯೋಕೆ ಆ ಬಾಗಿಲೇ ಬೇಕಿತ್ತೇನೋ? ಇಲ್ಲೇ ನಿಂತಿದೀನಿ, ನನ್ನ ಅಳೆ. ಹೋದ ವರ್ಷಕ್ಕಿಂತ ಎರಡು ಬೆರಳು ಕಮ್ಮಿ ಆಗಿದೀನಿ."

ಮಗ ಟೇಪನ್ನು ಜೇಬಿಗೆ ತುರುಕಿಕೊಂಡು ಬಚ್ಚಲಿಗೆ ಹೋದ. ಬಚ್ಚಲಿಗೆ ಹೋಗುವವನು ಚಿಲಕ ಹಾಕಬೇಕು, ನೀರಿನ ಸದ್ದಾಗಬೇಕು. ಎರಡೂ ಆಗಲಿಲ್ಲ. ಅಜ್ಜಿ ಇದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಮಗ ಈಗ ಅಪ್ಪನ ಸ್ಟೂಲಿನ ಮೇಲೆ ಕೂತು ಬಾಗಿಲು ಕೇಳುತ್ತಾನೆ. ಆದರೆ ಒಂದು ತಿಂಗಳಿಂದ ತಟ್ಟೆಯಲ್ಲಿ ಕೈಯಾಡಿಸಿ ಏಳುತ್ತಿದ್ದ, ಪೇಪರು ಓದಿ ಹಾಸಿಗೆಯಡಿ ಬಚ್ಚಿಡುತ್ತಿದ್ದ. ಬಚ್ಚಿಟ್ಟದ್ದನ್ನು ಓದದೆ ಬಿಡುವವಳೇ ಅಜ್ಜಿ? ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ದೊಡ್ಡ ಕಾರಿಗೆ ಕೆಟ್ಟ ಕಾಲ. ಕೊಳ್ಳುತ್ತಿದ್ದ ದೊಡ್ಡವರಿಗೆ ವಯಸ್ಸಾಯಿತು. ಅವರ ಮಕ್ಕಳಿಗೆ ಎಂಜಿನ್ನೇ ಇಲ್ಲದ ಕರೆಂಟಿನ ಕಾರು ಬೇಕು. ಕಂಪನಿಯನ್ನು ಯಾರಿಗೋ ಮಾರುತ್ತಾರಂತೆ, ಇಲ್ಲ ಮುಚ್ಚುತ್ತಾರಂತೆ, ಅದೂ ಇಲ್ಲ, ಬಟ್ಟೆ ಒಗೆಯುವ ಮಿಷನ್ನು ಮಾಡುತ್ತಾರಂತೆ.

ಎದುರುಮನೆಯ ಟೈಲರಮ್ಮನಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಅವಳು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಅಜ್ಜಿಗೆ ಬಿಡಿಸಿ ಹೇಳಿದಳು.

"ಅಕ್ಕಾ, ನಿಮಗೆ ಲೋಕಜ್ಞಾನ ಇಲ್ಲ. ಕಂಪನಿ ಮುಳುಗೋ ಹೊತ್ತಲ್ಲೇ ಹಳೇ ಸಾಮಾನಿಗೆ ರೇಟು. ಹುಚ್ಚು ಹಿಡಿದವರ ಹಾಗೆ ಬಂದು ಕೊಂಡ್ಕೊಳ್ತಾರೆ. ಒರೆಸ್ತಾ ಇದಾರೆ ಅಂದ್ರೆ ಯಾರಿಗೋ ತೋರ್ಸೋಕೆ. ಅಳೀತಾ ಇದಾರೆ ಅಂದ್ರೆ ವ್ಯಾನಲ್ಲಿ ಹಿಡಿಯುತ್ತಾ ಅಂತ."

"ನನ್ನ ಮಗ ಅಂಥವನಲ್ಲಮ್ಮ."

"ಮಗ ಅಲ್ಲ ಅಕ್ಕಾ. ಸೊಸೆ?"

ಅಜ್ಜಿ ಎದ್ದು ಮನೆಗೆ ಬಂದಳು. ಹೊಸಿಲಲ್ಲೇ ಸೊಸೆ ಸಕ್ಕರೆಯಂಥ ದನಿಯಲ್ಲಿ ಎದುರಾದಳು.

"ಅತ್ತೆ, ಗುರುವಾರ ಮಧ್ಯಾಹ್ನ ನಿಮ್ಮ ತಂಗಿ ಮನೆಗೆ ಹೋಗಿ ಬನ್ನಿ. ಎಷ್ಟು ದಿನ ಆಯ್ತು ನೋಡಿ."

"ಅವಳ ಜೊತೆ ನಾನು ಮಾತು ಬಿಟ್ಟು ನಾಲ್ಕು ವರ್ಷ ಆಯ್ತಲ್ಲೇ."

"ಅದಕ್ಕೇ ಅತ್ತೆ. ಮಾತಾಡಿಸಿ ಬನ್ನಿ. ನಿಧಾನವಾಗಿ. ಸಾಯಂಕಾಲದವರೆಗೂ."

ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ. ಗುರುವಾರ ಮಧ್ಯಾಹ್ನ ಯಜಮಾನರ ಸದ್ದು ಯಾರದೋ ವ್ಯಾನು ಹತ್ತುತ್ತದೆ.

ಬಚ್ಚಿಡೋಣವೆಂದರೆ ಅದೇನು ಸರವೇ, ಬಳೆಯೇ? ಎಳೆಗರುವಿನಷ್ಟು ತೂಕ, ಮೇಲೆ ನೆಲಕ್ಕೆ ಬೋಲ್ಟು. ಅತ್ತು ರಂಪ ಮಾಡೋಣವೆಂದರೆ ಮಗ ಮೊದಲೇ ಒಣಗಿದ್ದಾನೆ. ಅಜ್ಜಿ ಒಂದು ರಾಜತಾಂತ್ರಿಕ ಉಪಾಯ ಹೂಡಿದಳು. ಕೊಳ್ಳುವವನು ಬಂದು ಬಾಗಿಲು ಮುಚ್ಚಿ ನೋಡಿಯೇ ನೋಡುತ್ತಾನೆ. ಆಗ ಅದು ಕೆಟ್ಟ ಸದ್ದು ಮಾಡಬೇಕು. ಅವನು ಮೂಗು ಮುರಿದು ಹೋಗಬೇಕು.

ಬುಧವಾರ ಮಗ ಕೆಲಸಕ್ಕೆ, ಸೊಸೆ ಅಂಗಡಿಗೆ ಹೋದ ಹೊತ್ತಿನಲ್ಲಿ ಅಜ್ಜಿ ಟ್ರಂಕು ತೆಗೆದಳು. ಯಜಮಾನರ ಉಣ್ಣೆಯ ಕಾಲುಚೀಲ ಸಿಕ್ಕಿತು. ಒಂದೇ, ಎಡಗಾಲಿನದು. (ಬಲಗಾಲಿನದು ಅವರಿರುವಾಗಲೇ ಕಳೆದುಹೋಗಿತ್ತು. ಕಳೆದವರು ಯಾರೆಂಬ ಮೊಕದ್ದಮೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.) ಅದರೊಳಗೆ ಚಿಂದಿ ತುಂಬಿ, ಬಾಗಿಲಿನ ಗಾಜು ಇಳಿಯುವ ಸಂದಿಯಿಂದ ಹೆಣಿಗೆ ಕಡ್ಡಿಯಲ್ಲಿ ಒತ್ತಿ ಒತ್ತಿ ಒಳಕ್ಕೆ ಇಳಿಸಿದಳು. ಅದಕ್ಕೆ ಕಟ್ಟಿದ ನೂಲನ್ನು ಬಾಲದಷ್ಟು ಮಾತ್ರ ಮೇಲೆ ಬಿಟ್ಟಳು, ಆಮೇಲೆ ಎಳೆದುಕೊಳ್ಳಲು. ಬಾಗಿಲು ಮುಚ್ಚಿ ನೋಡಿದಳು.

ಬುಫ್.

ದಪ್ಪಗಿರುವ ಮನುಷ್ಯ ದಿಂಬಿನ ಮೇಲೆ ಕೂತ ಹಾಗಿತ್ತು. ಅಜ್ಜಿ ಗೋಡೆಯ ಮೇಲಿದ್ದ ಯಜಮಾನರ ಫೋಟೋದ ಕಡೆ ತಿರುಗಿ, "ಒಂದೇ ದಿನ, ಸಹಿಸ್ಕೊಳ್ಳಿ" ಅಂದಳು.

ಗುರುವಾರ ಊಟ ಮುಗಿಸಿ, ತಂಗಿಯ ಮನೆಗೆಂದು ಚೀಲ ಹಿಡಿದು ಹೊರಟವಳು ರಸ್ತೆ ದಾಟಿ ಟೈಲರಮ್ಮನ ಕಿಟಕಿಯಲ್ಲಿ ಕೂತಳು. ಮೂರು ಗಂಟೆಗೆ ಬಂದದ್ದು ವ್ಯಾನಲ್ಲ, ಒಂದು ದೊಡ್ಡ ಕಾರೇ. ನರೆತ ತಲೆಯ ಒಬ್ಬರು ಇಳಿದರು. ಹಿಂದೆ, ಕುತ್ತಿಗೆಗೆ ವೈರು ಸುತ್ತಿಕೊಂಡ ಇನ್ನೊಬ್ಬ, ಕೈಯಲ್ಲಿ ಪೆಟ್ಟಿಗೆ.

"ಪೆಟ್ಟಿಗೇಲಿ ದುಡ್ಡು ಅಕ್ಕಾ!" ಎಂದಳು ಟೈಲರಮ್ಮ.

ಅವಳ ಮಾತು ಮುಗಿಯುವಷ್ಟರಲ್ಲಿ ಅಜ್ಜಿ ತನ್ನ ಹಜಾರದಲ್ಲಿದ್ದಳು.

"ಅತ್ತೆ! ಹೋಗ್ಲಿಲ್ವಾ?"

"ಚಪ್ಪಲಿ ಮರೆತೆ."

ಎಲ್ಲರೂ ಅವಳ ಕಾಲು ನೋಡಿದರು. ಎರಡೂ ಚಪ್ಪಲಿ ಕಾಲಲ್ಲೇ ಇದ್ದವು.

ಅಜ್ಜಿ ಚಪ್ಪಲಿಯ ವಿಷಯವನ್ನು ಅಲ್ಲಿಗೇ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ನೋಡಿ ಸ್ವಾಮಿ, ನೀವು ಯಾರಾದರೂ ಆಗಿರಿ. ಇದು ಮಾರೋದಲ್ಲ. ಕೆಟ್ಟೂ ಹೋಗಿದೆ. ಹೋಗಿ ಬನ್ನಿ."

"ಅಮ್ಮಾ, ಇವರು ನಮ್ಮ ದೊಡ್ಡ ಸಾಹೇಬ್ರು," ಎಂದ ಮಗ. ಅವನ ಮುಖ ಹಿಂಡಿದ ಬಟ್ಟೆಯಾಗಿತ್ತು.

ದೊಡ್ಡ ಸಾಹೇಬರು ಕೈಮುಗಿದರು. "ಬಾಗಿಲು ನಿಮ್ಮದೇ ಅಮ್ಮ. ಅದನ್ನ ಯಾರೂ ಮುಟ್ಟಲ್ಲ. ನಾವು ಬಂದಿರೋದು ಸದ್ದಿಗೆ. ಹೊಸ ಕಾರಿಗೆ ಎಂಜಿನ್ನಿಲ್ಲ, ಒಳಗೆಲ್ಲ ನಿಶ್ಶಬ್ದ. ಗಿರಾಕಿ ಕಿವಿಗೆ ಬೀಳೋದು ಬಾಗಿಲೊಂದೇ. ಅದು ಬಿಸ್ಕತ್ ಡಬ್ಬದ ಹಾಗೆ ಸದ್ದು ಮಾಡ್ತಿದೆ. ಬರ್ತಾರೆ, ಕೂರ್ತಾರೆ, ಬಾಗಿಲು ಮುಚ್ತಾರೆ, ಎದ್ದು ಹೋಗ್ತಾರೆ. ಹಳೇ ಸದ್ದನ್ನ ಹಿಡ್ಕೊಂಡು ಹೋಗಿ ಹೊಸದಕ್ಕೆ ಕೂರಿಸ್ಬೇಕು. ನಿಮ್ಮ ಯಜಮಾನರ ಬಾಗಿಲು ಬಿಟ್ರೆ ಬೇರೆ ನಮೂನೆ ಎಲ್ಲೂ ಉಳಿದಿಲ್ಲ. ಇದು ಸಿಕ್ಕಿದ್ರೆ ಬಾಗಿಲು ಕೇಳೋ ವಿಭಾಗ ಉಳಿಯುತ್ತೆ, ನಿಮ್ಮ ಮಗನ ಕೆಲಸವೂ ಉಳಿಯುತ್ತೆ. ಸಿಗ್ಲಿಲ್ಲ ಅಂದ್ರೆ..." ಎಂದು ಗಡಿಯಾರ ನೋಡಿಕೊಂಡರು.

ಅಜ್ಜಿ ಬಾಗಿಲಿಗೆ ಕೊಟ್ಟ ಬೆನ್ನು ತೆಗೆದಳು. ಸೊಸೆಯ ಕಡೆ ತಿರುಗಿ ಪಿಸುಗುಟ್ಟಿದಳು: "ಬಾಯಿ ಬಿಟ್ಟು ಹೇಳೋದಕ್ಕೇನಾಗಿತ್ತೇ ನಿಂಗೆ?"

"ಹೇಗೆ ಹೇಳೋದು ಅತ್ತೆ? ಇವರಿಗೂ ಏನಾದ್ರೂ ಅಂದ್ಬಿಟ್ರೆ? ಮಾವನ ಬೀಳ್ಕೊಡುಗೇಲಿ ಮ್ಯಾನೇಜರ ಮುಖಕ್ಕೇ ‘ನಿನ್ನ ತಲೆ ಮೇಲೆ ತಟ್ಟಿದ್ರೂ ತಗಡಿನ ಸದ್ದೇ ಬರೋದು’ ಅಂದ್ರಂತಲ್ಲ ನೀವು!"

ಅಂದದ್ದು ನಿಜ. ಅಜ್ಜಿ ಮಾತು ಬದಲಿಸಿ ದನಿ ಎತ್ತಿದಳು. "ಸಾಹೇಬ್ರೇ, ಮೊದಲು ಕಾಫಿ ಆಗ್ಲಿ. ನೀವೆಲ್ಲ ಹಿತ್ತಲ ಕಡೆ ಗಾಳಿಗೆ ಕೂತಿರಿ. ಅಷ್ಟರಲ್ಲಿ ನಾನು ಬಾಗಿಲು ಒಂಚೂರು ಒರೆಸಿ..."

"ಒರೆಸಿದೀನಿ ಅತ್ತೆ. ಮೂರು ದಿನದಿಂದ ಒರೆಸ್ತಾನೇ ಇದೀನಿ."

ವೈರಿನವನು ಅಷ್ಟರಲ್ಲಿ ಪೆಟ್ಟಿಗೆ ತೆರೆದು, ಕಿವಿಗೆ ಎರಡು ಬಟ್ಟಲು ಕವುಚಿಕೊಂಡು, ಮಗ ಟೇಪು ಹಿಡಿದು ಅಳೆದುಕೊಟ್ಟ ಲೆಕ್ಕದಂತೆ ಮೈಕನ್ನು ಬಾಗಿಲಿನ ಹತ್ತಿರ ನಿಲ್ಲಿಸಿದ್ದ. ಉಸಿರು ಬಿಡಬೇಡಿ ಎಂಬಂತೆ ಕೈ ಎತ್ತಿದ. ಮಗ ಬಾಗಿಲು ತೆಗೆದು ಮುಚ್ಚಿದ.

ಬುಫ್.

ಮಗನದು ಅಪ್ಪನ ಕಿವಿ. ಕಣ್ಣು ಬಾಗಿಲಿನಿಂದ ನೇರ ಅಮ್ಮನ ಮುಖಕ್ಕೆ ಬಂತು. ಅಮ್ಮನ ಕಣ್ಣು ಸೂರಿನ ಕಡೆ ಹೋಯಿತು. ಆರು ವರ್ಷದಿಂದ ಉಳಿಸಿಕೊಂಡು ಬಂದ ಸದ್ದನ್ನು, ಮಗನ ಅನ್ನವನ್ನು, ಒಂದು ಕಾಲುಚೀಲದಲ್ಲಿ ತುಂಬಿ ಬಾವಿಗೆ ಹಾಕಿದ್ದಳು ಮಹಾತಾಯಿ.

"ಇನ್ನೊಂದು ಸಲ," ಎಂದ ವೈರಿನವನು.

ಬುಫ್.

"ಇನ್ನೊಂದು."

ಏಳು ಸಲವಾಯಿತು. ವೈರಿನವನು ಕಿವಿಯ ಬಟ್ಟಲನ್ನು ಮೆಲ್ಲಗೆ ತೆಗೆದು ಸಾಹೇಬರ ಕಿವಿಗೆ ಇಟ್ಟ. ಸಾಹೇಬರು ಕಣ್ಣು ಮುಚ್ಚಿದರು. ಅವರ ಮುಖದ ಮೇಲೆ ಸಾಕ್ಷಾತ್ಕಾರವಾದವರ ಕಳೆ ಮೂಡಿತು.

"ಆಹಾ! ಗಾಂಭೀರ್ಯ ನೋಡಿ! ಈಗಿನವರಿಗೆ ಇಂಥ ಸದ್ದು ಮಾಡೋಕೆ ಬರುತ್ತೇನ್ರೀ? ನಾನು ಚಿಕ್ಕವನಿದ್ದಾಗ ನಮ್ಮ ತಂದೆ ಕಾರಿನ ಬಾಗಿಲು ಹೀಗೇ ಇತ್ತು. ಹೀಗೇ!"

ಅಜ್ಜಿಗೆ ತಡೆಯಲಾಗಲಿಲ್ಲ. "ಸಾಹೇಬ್ರೇ, ತಪ್ಪು ತಿಳೀಬೇಡಿ. ಅದರ ಒಳಗೆ ನಮ್ಮ ಯಜಮಾನರ..."

"ಗೊತ್ತಮ್ಮ," ಎಂದರು ಸಾಹೇಬರು, ಕಣ್ಣೊರೆಸಿಕೊಳ್ಳುತ್ತ. "ಅದರ ಒಳಗೆ ನಿಮ್ಮ ಯಜಮಾನರ ಜೀವವೇ ಇದೆ."

ಕಾರು ತಿರುವು ದಾಟುವವರೆಗೂ ಮೂವರೂ ಹೊಸಿಲಲ್ಲಿ ನಗುನಗುತ್ತ ಕೈ ಬೀಸಿದರು. ಆಮೇಲೆ ಮಗ ಒಳಗೆ ಬಂದು ಕೇಳಿದ.

"ಏನಮ್ಮ ಮಾಡ್ದೆ?"

"ಕಾಲುಚೀಲ."

"ಯಾರದ್ದು?"

"ನಿಮ್ಮಪ್ಪಂದು. ಎಡಗಾಲಿಂದು."

ಮಗ ನೆಲದ ಮೇಲೆ ಕೂತುಬಿಟ್ಟ. "ನಾಳೆ ಹೋಗಿ ನಿಜ ಹೇಳಿಬಿಡ್ತೀನಿ. ಅಪ್ಪನ ಸ್ಟೂಲಿನ ಮೇಲೆ ಕೂತು ಸುಳ್ಳು ಸದ್ದಿಗೆ ಹ್ಞೂಂ ಅನ್ನೋಕಾಗಲ್ಲ ನನಗೆ."

"ಹೇಳಿದ್ರೆ ಆ ಸ್ಟೂಲೂ ಇರಲ್ಲ," ಎಂದಳು ಸೊಸೆ. "ಅವರಿಗೆ ಬೇಕಾದ್ದು ಸಿಕ್ಕಿದೆ, ಖುಷಿಯಾಗಿ ಹೋಗಿದಾರೆ. ಅಮ್ಮ ಮಗ ಇಬ್ಬರೂ ಬಾಯಿಗೆ ಬೀಗ ಹಾಕ್ಕೊಳ್ಳಿ. ಬೀಗದ ಕೈ ನನ್ನ ಹತ್ರ ಇರಲಿ."

ಅಜ್ಜಿ ಅಂದೇ ನೂಲು ಹಿಡಿದು ಕಾಲುಚೀಲ ಎಳೆದು, ಒಗೆದು, ಒಣಗಿಸಿ ಟ್ರಂಕಿನಲ್ಲಿಟ್ಟಳು.

ಆರೇಳು ತಿಂಗಳಿಗೆ ಹೊಸ ದೊಡ್ಡ ಕಾರು ರಸ್ತೆಗೆ ಬಂತು. ಕಂಪನಿ ಉಳಿಯುತ್ತದೋ ಇಲ್ಲವೋ ಇನ್ನೂ ಯಾರೂ ಎದೆ ತಟ್ಟಿ ಹೇಳುತ್ತಿರಲಿಲ್ಲ. ಆದರೆ ಬಂದ ಗಿರಾಕಿಗಳು ಬಾಗಿಲು ಮುಚ್ಚಿ ಎದ್ದು ಹೋಗುವುದು ನಿಂತಿತ್ತು. ‘ಪರಂಪರೆಯ ಘನಗಂಭೀರ ನಾದ’ ಎಂದು ಪೇಪರಿನಲ್ಲಿ ಬಂತು. ಈ ಸಲ ಮಗ ಪೇಪರನ್ನು ಹಾಸಿಗೆಯಡಿ ಬಚ್ಚಿಡಲಿಲ್ಲ. ಹೊಟ್ಟೆ ತುಂಬ ಊಟ ಮಾಡಿದ. ಅಜ್ಜಿಗೆ ಅಷ್ಟು ಸಾಕಾಗಿತ್ತು.

ಒಂದು ಭಾನುವಾರ ಕಂಪನಿಯ ಮೆಕ್ಯಾನಿಕ್ಕು ಬಂದ. ಉಳಿದಿರುವುದೊಂದೇ ನಮೂನೆ ಬಾಗಿಲು, ಅದರ ಆರೋಗ್ಯ ನೋಡಿ ಬಾ ಎಂದು ಸಾಹೇಬರೇ ಕಳಿಸಿದ್ದರಂತೆ. ಬಾಗಿಲು ತೆಗೆದು ಮುಚ್ಚಿದ. ಧಪ್. ಅಜ್ಜಿ ಹೆಮ್ಮೆಯಿಂದ "ಹ್ಞೂಂ" ಅಂದಳು. ಮೆಕ್ಯಾನಿಕ್ಕು ಹುಬ್ಬು ಗಂಟಿಕ್ಕಿದ.

"ಅಮ್ಮ, ಬಾಗಿಲು ಕೆಟ್ಟಿದೆ."

"ಕೆಟ್ಟಿರೋದು ನಿನ್ನ ಕಿವಿ ಕಣಪ್ಪ!"

ಅವನು ಫೋನು ಒತ್ತಿದ. ಅದರೊಳಗಿಂದ ಬುಫ್ ಬಂತು. "ಕೇಳಿ. ಇದು ಅಸಲಿ. ನಿಮ್ಮದು ಡೂಪ್ಲಿಕೇಟಿನ ಹಾಗೆ ಬಡ್ಕೊಳ್ತಿದೆ. ಚಿಂತೆ ಬೇಡ, ಇಪ್ಪತ್ತು ಜನ ಎಂಜಿನಿಯರು ಮೂರು ತಿಂಗಳು ತಲೆ ಕೆಡಿಸ್ಕೊಂಡು ಇದಕ್ಕೇ ಅಂತ ಒಂದು ಪಾರ್ಟು ಮಾಡಿದಾರೆ," ಎಂದು ಚೀಲದಿಂದ ಒಂದು ಉಣ್ಣೆಯ ಮೆತ್ತೆ ತೆಗೆದ. ಬೂದು ಬಣ್ಣ. ಒಂದು ಮೊಳ ಉದ್ದ. ಮಧ್ಯದಲ್ಲಿ ಹಿಮ್ಮಡಿಯಂಥ ಸಣ್ಣ ಬಾಗು. ಮೇಲೆ ಕಂಪನಿಯ ಚಿನ್ನದ ಬಣ್ಣದ ಮುದ್ರೆ.

ಅಜ್ಜಿಯ ಬಾಯಿ ತೆರೆಯಿತು. ಮೆಕ್ಯಾನಿಕ್ಕಿನ ಬೆನ್ನ ಹಿಂದೆ ಮಗ ಎರಡೂ ಕೈ ಜೋಡಿಸಿ ನಿಂತಿದ್ದ. ಸೊಸೆ ತುಟಿಯ ಮುಂದೆ ಬೀಗದ ಕೈ ತಿರುಗಿಸಿದ ಹಾಗೆ ಮಾಡಿ ತೋರಿಸಿದಳು. ಬಾಯಿ ಮುಚ್ಚಿಕೊಂಡಿತು.

ಮೆತ್ತೆ ಒಳಗಿಳಿಸುವಾಗ ಮೆಕ್ಯಾನಿಕ್ಕು ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿ, ಅಜ್ಜಿಯನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಇಲ್ಲಿ ಮೊದಲು ಏನೋ ಇತ್ತಮ್ಮ. ನೂಲು ಅಂಟಿಕೊಂಡಿದೆ. ಅಸಲಿ ಸಾಮಾನು ಯಾರೋ ತೆಗೆದಿದಾರೆ. ಮನೇಲಿ ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಇಲ್ಲಪ್ಪ," ಎಂದಳು ಅಜ್ಜಿ. ಜೀವಮಾನದಲ್ಲಿ ಆ ಪ್ರಶ್ನೆಗೆ ಅವಳು ಹಾಗೆ ಉತ್ತರ ಕೊಟ್ಟದ್ದು ಅದೇ ಮೊದಲು.

"ನಾನು ತಿಂಗಳಿಗೊಂದು ಸಲ ಬರ್ತೀನಿ, ಹೇಳದೆ," ಎಂದು ಅವನು ಹೋದ.

ಹಾಗಾಗಿ ಈಗ ಬೆಳಿಗ್ಗೆ ಮುಖ ತೊಳೆದ ಮೇಲೆ ಅಜ್ಜಿಗೆ ಕೆಲಸ ಹೆಚ್ಚು. ಸೊಸೆ ಕಿಟಕಿಯ ಪರದೆ ಎಳೆದು ಕಾವಲು ನಿಲ್ಲುತ್ತಾಳೆ. ಮಗ ಮುಂಬಾಗಿಲಿಗೆ ಚಿಲಕ ಹಾಕುತ್ತಾನೆ. ಅಜ್ಜಿ ಹೆಣಿಗೆ ಕಡ್ಡಿಯಿಂದ ಕಂಪನಿಯ ಮೆತ್ತೆಯನ್ನು ಮೀಟಿ ಹೊರಗೆಳೆದು, ಒಂದು ಸಲ ಬಾಗಿಲು ಮುಚ್ಚಿ, ಮೆಲ್ಲಗೆ, ಯಾರಿಗೂ ಕೇಳದ ಹಾಗೆ "ಹ್ಞೂಂ" ಅಂದು, ಮತ್ತೆ ತುರುಕಿಡುತ್ತಾಳೆ, ಸ್ವಂತ ಮನೆಯಲ್ಲಿ ಸ್ವಂತ ಗಂಡನನ್ನು ಕದ್ದು ಭೇಟಿಯಾಗುವ ಹುಡುಗಿಯ ಹಾಗೆ.

ಎದುರುಮನೆಯಲ್ಲಿ ಟೈಲರಮ್ಮ ಹಾಲಿನವಳಿಗೆ ಹೇಳುತ್ತಿರುತ್ತಾಳೆ: "ದಿನಾ ಇದೇ ಹೊತ್ತಿಗೆ ಪರದೆ ಎಳೀತಾರೆ ನೋಡು. ಆ ಮುದುಕಿ ಏನೋ ಬಚ್ಚಿಡ್ತಿದಾಳೆ."