ಮೂಡಲ ಬಾಗಿಲಿನ ಮನೆ

ಹದಿನಾಲ್ಕು ವರ್ಷದ ಕೆಳಗೆ, ಹೆಣ್ಣು ನೋಡಲು ಹೋದ ದಿನ, ನಿಂಗರಾಜು ಬಾಯಿ ತುಂಬ ಕೇಸರಿಬಾತ್ ಇಟ್ಟುಕೊಂಡು ಒಂದು ಮಾತು ಕೊಟ್ಟಿದ್ದ.

"ನಿಮ್ಮನೆ ಬಾಗ್ಲು ಯಾವ್ ಕಡೀಕದೆ?" ಎಂದು ಹುಡುಗಿ ರಮ್ಯ ಕೇಳಿದ್ದಳು.

"ಈಗ ಪಡುವ್ಲು ಕಡೀಕದೆ. ಮದ್ವೆ ಆಗ್ಬುಡ್ಲಿ, ನಿನ್ನ ಮೂಡ್ಲು ಬಾಗ್ಲು ಮನೇಲೇ ಇಡ್ತೀನಿ."

ಮದುವೆಯಾಯಿತು, ಎರಡು ಮಕ್ಕಳೂ ಆದವು. ಬಾಗಿಲು ಮಾತ್ರ ಪಡುವಲಿಗೇ ಉಳಿಯಿತು. ದಿನಾ ಬೆಳಗ್ಗೆ ರಂಗೋಲಿ ಬಟ್ಟಲು ಹಿಡಿದು ಬಾಗಿಲು ತೆಗೆದರೆ ರಮ್ಯಳಿಗೆ ಮೊದಲು ಆಗುತ್ತಿದ್ದುದು ಎದುರುಮನೆ ನರಸಯ್ಯನ ತಿಪ್ಪೆಯ ದರ್ಶನ.

ಬಿಂಡಿಗನವಿಲೆ ಹತ್ತಿರದ ಆ ಊರಿನ ಅಂಚಿನಲ್ಲಿ, ಮನೆಯ ಬೆನ್ನಿಗೇ, ನಿಂಗರಾಜುವಿಗೆ ಇಪ್ಪತ್ತು ಗುಂಟೆ ರಾಗಿ ಹೊಲವಿತ್ತು. ಹೊಲದ ಆಚೆ ತುದಿಗೆ ನಾಗಮಂಗಲದ ಟಾರು ರಸ್ತೆ. ಹೊಲವನ್ನು ಆರು ಸೈಟು ಮಾಡಿ, ಐದನ್ನು ಮಾರಿ, ಆರನೆಯದರಲ್ಲಿ ಹೆಂಡತಿಗೆ ಮೂಡಲ ಬಾಗಿಲಿನ ಮನೆ ಕಟ್ಟಬೇಕೆಂದು ಅವನು ಕಚೇರಿ ಕಚೇರಿ ಅಲೆದ. ಸರ್ಕಾರದ ನಕ್ಷೆಯಲ್ಲಿ ಬೇಸಾಯದ ಹಸಿರು ಬಣ್ಣದಲ್ಲಿದ್ದ ಹೊಲ ವಾಸದ ಮನೆಗಳ ಹಳದಿ ಬಣ್ಣಕ್ಕೆ ತಿರುಗಲು ಮೂರು ವರ್ಷ ಹಿಡಿಯಿತು. ಮಾವಿನಕಾಯಿಯಾಗಿದ್ದರೆ ಹುಲ್ಲಿನಲ್ಲಿಟ್ಟು ಒಂದು ವಾರಕ್ಕೆ ಹಣ್ಣು ಮಾಡಬಹುದಿತ್ತು.

ಇವತ್ತಿಗೆ ಉಳಿದದ್ದು ಒಂದೇ ಕೆಲಸ. ನಕ್ಷೆ ಬರೆಯುವ ಸಿದ್ದಾರ್ಥ ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು, ಸೈಟು ಕೊಂಡವರೆಲ್ಲ ನೋಡಿ ರುಜು ಹಾಕಬೇಕು. ನಾಳೆ ಬೆಳಗ್ಗೆ ನಕ್ಷೆ ಮಂಜೂರಿಗೆ ಹೋಗುತ್ತದೆ. ಒಬ್ಬರು ಹಿಂದೆಗೆದರೂ ಮುಂಗಡ ವಾಪಸ್ ಕೊಡಬೇಕು. ಮುಂಗಡವೆಲ್ಲ ಆ ಹಳದಿ ಬಣ್ಣಕ್ಕೇ ಕರಗಿಹೋಗಿತ್ತು.

ಒಂಬತ್ತು ಗಂಟೆಗೆ ಸಿದ್ದಾರ್ಥ ಗೆರೆ ಎಳೆದ. ಟಾರು ರಸ್ತೆಯಿಂದ ಒಳಗೆ ಬಂದ ಬೀದಿ ಐದನೇ ಸೈಟಿನ ಮುಂದೆ ಬಂದು ನಿಂತಿತು. ಅಷ್ಟರಲ್ಲಿ, ಸೈಟೂ ಕೊಳ್ಳದ, ಕಾಸೂ ಹಾಕದ ನರಸಯ್ಯ ಟವೆಲ್ಲು ಹೆಗಲಿಗೆಸೆದುಕೊಂಡು ಬಂದ.

"ಲೇ ನಿಂಗ, ಈ ಸೈಟು ಯಾರ್ದ್ಲಾ?"

"ನಮ್ ಕುಳ್ಳಮ್ಮ ದೊಡ್ಡವ್ವಂದು ಕಣಣ್ಣ."

"ಅಯ್ಯೋ ಪಾಪ! ಬೀದಿ ನೆಟ್ಟಗೆ ಬಂದು ಬಾಗ್ಲಿಗೇ ಗುಮ್ತದಲ್ಲಪ್ಪ! ಕುತ್ತು ಕಣ್ಲಾ ಇದು. ಇಂಥ ಮನೇಲಿ ಒಲೆ ಮ್ಯಾಲಿಟ್ಟ ಆಲೂ ಉಕ್ಕಾಕಿಲ್ಲ."

ನೇರ ಬಂದ ಬೀದಿ ಬಾಗಿಲಿಗೇ ಮುಗಿದರೆ ಕುತ್ತು, ಆ ಮನೆಗೆ ಏಳಿಗೆಯಿಲ್ಲ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಸಿದ್ದಾರ್ಥನ ಕಂಪ್ಯೂಟರಿಗೆ ಮಾತ್ರ.

ಕುಳ್ಳಮ್ಮ ಎಲೆಅಡಿಕೆ ಉಗಿದಳು. "ಎತ್ತವ್ವನ ಅಕ್ಕ ಅಂತ ಕುತ್ತಿನ ಸೈಟು ಗಂಟಾಕ್ದೇನ್ಲಾ? ನನ್ ದುಡ್ ಮಡುಗು, ಓಯ್ತೀನಿ."

"ತಡಿ ದೊಡ್ಡವ್ವ, ಬೀದಿನೇ ತಿರುಗಿಸ್ಬುಡ್ತೀವಿ."

ಸಿದ್ದಾರ್ಥ ಪೊರಕೆ ಹಿಡಿದು ಗೆರೆ ಗುಡಿಸಿ ಬೀದಿಯನ್ನು ಎಡಕ್ಕೆ ತಿರುಗಿಸಿದ. ಅದು ಹೋಗಿ ಎರಡನೇ ಸೈಟಿಗೆ ಮುಖ ಕೊಟ್ಟಿತು. ಅದರ ಒಡೆಯ ಚೌಡಯ್ಯ ನಿವೃತ್ತ ಲೈನ್‌ಮ್ಯಾನ್. ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಹೆದರದವನು, ಸುಣ್ಣದ ಗೆರೆ ಕಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ದೊಡ್ಡವ್ವನ ಕುತ್ತು ತಂದು ನನ್ ತಲೆಗೆ ಕಟ್ತೀಯೇನ್ಲಾ? ನಂಗೇನು ಎಂಡ್ರು ಮಕ್ಳಿಲ್ವಾ?"

ಬೀದಿ ಬಲಕ್ಕೆ ತಿರುಗಿತು. ಮೂರನೇ ಸೈಟಿನವರು ಫೋನಿನಲ್ಲೇ ಬೈದರು. ಸ್ವಲ್ಪ ಹಿಂದಕ್ಕೆ ಎಳೆದರೆ ನಾಲ್ಕನೆಯವರು ಬಂದು ಗೆರೆಯನ್ನು ಕಾಲಲ್ಲೇ ಒರೆಸಿದರು. ಮಧ್ಯಾಹ್ನದ ಹೊತ್ತಿಗೆ ಹೊಲ ಒಂದನೇ ಕ್ಲಾಸಿನ ಮಗುವಿನ ಸ್ಲೇಟಿನಂತಾಗಿತ್ತು. ಸಿದ್ದಾರ್ಥ ಯುಗಾದಿಗೆ ಸುಣ್ಣ ಬಳಿದ ಗೋಡೆಯಂತಾಗಿದ್ದ.

"ಬೀದಿ ಅಂದ್ಮೇಲೆ ಎಲ್ಲಾದ್ರೂ ಒಂದ್ಕಡೆ ಮುಗೀಲೇಬೇಕಲ್ಲ ಅಣ್ಣ" ಎಂದ ಸಿದ್ದಾರ್ಥ. "ಗಾಳೀಲಿ ನಿಲ್ಸಕ್ಕಾಗಲ್ಲ."

ನರಸಯ್ಯ ಗಡ್ಡ ಕೆರೆದುಕೊಂಡ. "ಕುತ್ತು ಬಾಗ್ಲಿಗೆ ಕಣ್ರಪ್ಪ, ಬೆನ್ನಿಗಲ್ಲ. ಬೀದಿನ ನೆಟ್ಟಗೆ ಎಳ್ದು ಈ ನಿಂಗನ ಅಳೇ ಮನೆ ಇಂದ್ಗಡೆ ಗೋಡೆಗೆ ಮುಟ್ಸಿ. ಬೆನ್ನಿಗೇನು ಕಣ್ಣಿದ್ದದಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಿಂಗರಾಜುವೂ ತಟ್ಟಿದ. ತಟ್ಟಿ ಮುಗಿದ ಮೇಲೆ ಸಿದ್ದಾರ್ಥ ಮೆಲ್ಲಗೆ ಹೇಳಿದ: "ಆಗ ಬೀದಿ ಪಾರ್ಕಿನ ಜಾಗದ ಮೇಲೆ ಹೋಗುತ್ತೆ. ಪಾರ್ಕು ಬಿಡದೆ ಮಂಜೂರಿ ಸಿಗಲ್ಲ. ಆರನೇ ಸೈಟನ್ನ ಪಾರ್ಕಿಗೆ ಬಿಡ್ಬೇಕು."

"ಆರನೇದು ನಂದು!"

"ಅದ್ಕೇ ಕಣ್ಲಾ ಸಲೀಸು. ಯಾರೂ ಜಗಳಕ್ಕೆ ಬರಾಕಿಲ್ಲ" ಎಂದಳು ಕುಳ್ಳಮ್ಮ. "ಈಗ ರುಜು ಆಕ್ಲಾ, ದುಡ್ ಕೊಡ್ತೀಯಾ?"

ನಿಂಗರಾಜು ಪೆನ್ನು ಕೊಟ್ಟ. ಐವರದ್ದೂ ಹತ್ತು ನಿಮಿಷದಲ್ಲಿ ಮುಗಿಯಿತು. ಊರಲ್ಲಿಲ್ಲದವರು ಫೋಟೊ ತರಿಸಿಕೊಂಡು ನೋಡಿ ಫೋನಿನಲ್ಲೇ ರುಜು ಹಾಕಿ ಕಳಿಸಿದರು.

ಸಂಜೆ ಡೇರಿಗೆ ಹಾಲು ಹಾಕಿ ಬಂದ ರಮ್ಯಳಿಗೆ ಅವನು ತಲೆ ತಗ್ಗಿಸಿಕೊಂಡು ವರದಿ ಒಪ್ಪಿಸಿದ. "ಎಲ್ಲಾರ್ಗೂ ಕುತ್ತು ತಪ್ಸಿದೆ ಕಣಮ್ಮಿ. ನಮ್ ಸೈಟೊಂದು ಒಯ್ತು."

ರಮ್ಯ ಮನೆಯ ಹಿಂದಕ್ಕೆ ಹೋಗಿ ಗೋಡೆ ನೋಡಿದಳು. ಗೋಡೆಗೆ ಬಂದು ತಾಕಿದ್ದ ಬಿಳಿ ಬೀದಿ ನೋಡಿದಳು.

"ಈ ಗೋಡೆ ಯಾವ್ ಕಡೀಕದೆ?"

"ಮೂಡ್ಲಿಗೆ."

"ಆರೆ ಎಲ್ಲದೆ?"

ಹಾರೆಯ ಮೊದಲ ಏಟು ಬಿದ್ದದ್ದೇ ನರಸಯ್ಯ ಓಡಿಬಂದ. "ಬ್ಯಾಡ ಕಣವ್ವಾ! ಇಲ್ಲಿ ಬಾಗ್ಲು ಮಡುಗಿದ್ರೆ ಎಲ್ಲಾರ್ ಕುತ್ತೂ ನಿಮ್ಗೇ ಬತ್ತದೆ!"

"ಅದಿನಾಲ್ಕು ವರ್ಸ ನಿಮ್ ತಿಪ್ಪೆ ನೋಡಿವ್ನಿ ನರಸಣ್ಣ. ಕುತ್ತು ಅದ್ಕಿಂತ ನಾತ ಒಡೀತದಾ?"

ದೀಪ ಹಚ್ಚುವ ಹೊತ್ತಿಗೆ ಮೂಡಲ ಗೋಡೆಯಲ್ಲಿ ಬಾಗಿಲಗಲದ ಕಂಡಿ ಬಿತ್ತು. ಮನೆಗೆ ಇದ್ದದ್ದು ಒಂದೇ ಬಾಗಿಲು. ಅದನ್ನೇ ಪಡುವಲಿಂದ ಕಿತ್ತು ತಂದು ಇಲ್ಲಿ ಒರಗಿಸಿದರು, ಒಡೆದ ಇಟ್ಟಿಗೆ ಜೋಡಿಸಿ ಅಲ್ಲಿಯ ಕಂಡಿ ಮುಚ್ಚಿದರು. ಮನೆ ಅದೇ, ಸೋರುವ ಹೆಂಚೂ ಅದೇ.

ರಮ್ಯ ಹೊಸ ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ತಲೆಯೆತ್ತಿದಳು. ಟಾರು ರಸ್ತೆಯಲ್ಲಿ ಹಟ್ಟಿಗೆ ಹೊರಟಿದ್ದ ಕುರಿಮಂದೆಯ ಮುಂದಿನ ಟಗರು, ನೆಟ್ಟಗೆ ಬೆಳ್ಳಗೆ ಕಂಡ ಬೀದಿಗೆ ತಿರುಗಿತು. ಅದರ ಹಿಂದೆ ನಲವತ್ತು ಕುರಿ. ಒರಗಿಸಿದ್ದ ಬಾಗಿಲು ದಢಾರನೆ ಬಿತ್ತು. ಟಗರು ನಡುಮನೆ ದಾಟಿ ಅಡುಗೆಮನೆ ಸೇರಿತು, ಮಂದೆಯೂ ಸೇರಿತು. ಆಚೆ ಹೋಗೋಣವೆಂದರೆ ಪಡುವಲಿಗೆ ಈಗ ಬಾಗಿಲಿರಲಿಲ್ಲ.

ನಿಂಗರಾಜು ರಾಗಿ ಮೂಟೆಯ ಮೇಲೆ ಹತ್ತಿ ಕುಳಿತ. ಹೆಂಡತಿಯನ್ನು ಮೂಡಲ ಬಾಗಿಲಿನ ಮನೆಯಲ್ಲಿ ಇಡುತ್ತೇನೆಂದು ಕೊಟ್ಟ ಮಾತನ್ನು ಅವನು ಉಳಿಸಿಕೊಂಡಿದ್ದ.