ಟರ್ನೋವರ್ ಜಾಸ್ತಿ ಇದ್ದ ಟೀಮು

ಕಜೆಟನ್ನನಿಗೆ ಫುಟ್ಬಾಲ್ ಗೊತ್ತಿತ್ತು. ಕಿನ್ನಿಗೋಳಿಯ ಶಾಲೆ ಮೈದಾನದಲ್ಲಿ ಬರಿಗಾಲಲ್ಲಿ ಒದ್ದು ಹೆಬ್ಬೆರಳಿನ ಉಗುರು ಕಳೆದುಕೊಂಡವನು ಅವನು. ಆದರೆ ಅಮೆರಿಕದವರು ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡಿ, ಒಬ್ಬರ ಮೇಲೊಬ್ಬರು ರಾಶಿ ಬೀಳುವ ಆಟಕ್ಕೂ ಫುಟ್ಬಾಲ್ ಎಂದೇ ಹೆಸರು ಎಂಬುದು ತಿಳಿದದ್ದು ಯುದ್ಧ ಮುಗಿದು ಕುವೈತಿಗೆ ಮರಳಿ ಬಂದ ಮೇಲೆ. ತಿಳಿದದ್ದೂ ಅಷ್ಟೇ. ಅಷ್ಟಕ್ಕೆ ನಿಲ್ಲಿಸಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು.

ಹಿಂದಿನ ವರ್ಷ ಆಗಸ್ಟಿನಲ್ಲಿ ಇರಾಕಿನವರು ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಜೋರ್ಡಾನ್ ದಾರಿಯಾಗಿ ಊರು ಸೇರಿದ್ದ. ಈ ವರ್ಷ ಜೂನಿನಲ್ಲಿ, ಮೀನಾ ಅಲ್ ಅಹ್ಮದಿಯ ರಿಫೈನರಿ ರಿಪೇರಿಗೆ ಬಂದ ಅಮೆರಿಕನ್ ಕಂಪನಿಯೊಂದು ಅಕೌಂಟೆಂಟ್ ಬೇಕು ಎಂದಾಗ, ಬಸುರಿ ಹೆಂಡತಿ ಲಿಜ್ಜಿಯನ್ನು ಬಿಟ್ಟು ಮತ್ತೆ ವಿಮಾನ ಹತ್ತಿ ಬಂದ. ಅಕ್ಟೋಬರಿನಲ್ಲಿ ಮಗಳು ಹುಟ್ಟಿದಳು. ಒಂದು ಫೋಟೋ ಬಂತು. ಅದರಲ್ಲಿ ಮಗುವಿಗಿಂತ ಅತ್ತೆಯ ಮೊಣಕೈ ಸ್ಪಷ್ಟವಾಗಿತ್ತು.

ಅಪ್ಪ ಬಂದ ಮೇಲೆಯೇ ಇಗರ್ಜಿಯಲ್ಲಿ ಜ್ಞಾನಸ್ನಾನ, ನಾಮಕರಣ ಎಂದು ಲಿಜ್ಜಿ ಹಟ ಹಿಡಿದಿದ್ದಳು. ಕ್ರಿಸ್ಮಸ್ ಕಳೆದ ಭಾನುವಾರ ದಿನ ಗೊತ್ತಾಗಿತ್ತು, ಹೆಸರು ಡೆಲ್ಮಾ ಎಂದೂ ಗೊತ್ತಾಗಿತ್ತು. ಕಜೆಟನ್ ಸಲ್ವಾ ಪೇಟೆಯ ಅಂಗಡಿಯಲ್ಲಿ ಲೇಸಿನ ಬಿಳಿ ಫ್ರಾಕು ಕೊಂಡು, ಮಸಿ ತಾಗದಂತೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದಿಂಬಿನ ಅಡಿಯಲ್ಲಿ ಇಟ್ಟಿದ್ದ. ಎಣ್ಣೆಬಾವಿಗಳ ಬೆಂಕಿ ಆರಿ ತಿಂಗಳಾದರೂ ಕ್ಯಾಂಪಿನ ಗೋಡೆ, ಗಿಡ, ಬೆಕ್ಕು ಎಲ್ಲದರ ಮೇಲೂ ಇನ್ನೂ ಮಸಿ ಇತ್ತು. ಟಿಕೆಟ್ಟೂ ಆಗಿತ್ತು. ಬಾಕಿ ಇದ್ದದ್ದು ರಜೆ ಕಾಗದದ ಮೇಲೆ ಮ್ಯಾನೇಜರ್ ಹಾಲಿಸನ ಒಂದು ಸಹಿ.

ಆ ಸಹಿಗೆ ಹೋದಾಗಲೇ ಹಾಲಿಸ್ ಒಂದು ಹಾಳೆ ಕೈಗಿಟ್ಟಿದ್ದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಷ್ಟು ದೊಡ್ಡ ಆಳು. "ಕ್ಯಾಜ್, ನೀನು ಲೆಕ್ಕದ ಮನುಷ್ಯ. ಇದು ಎರಡು ಟೀಮುಗಳ ಈ ವರ್ಷದ ಲೆಕ್ಕ. ಕೆಂಪು ಅಂಗಿಯವರು ನನ್ನ ಊರಿನವರು, ನೀಲಿಯವರು ಆ ಡೇಲ್‌ನ ಊರಿನವರು. ಮಂಗಳವಾರ ಇವರಿಬ್ಬರ ಆಟ. ಯಾರು ಗೆಲ್ಲುತ್ತಾರೆ ಅಂತ ನೋಡಿ ಹೇಳು." ಡೇಲ್ ಎಂದರೆ ಅಲ್ಲಿನ ಇನ್ನೊಬ್ಬ ಅಮೆರಿಕನ್, ಅಸಿಸ್ಟೆಂಟ್ ಮ್ಯಾನೇಜರ್.

ಕಜೆಟನ್ ಹಾಳೆಯ ಮುಂದೆ ಕೂತ. ಅರ್ಧಕ್ಕರ್ಧ ಏನೂ ಅರ್ಥವಾಗಲಿಲ್ಲ. ಆದರೆ ಎರಡು ಶಬ್ದ ಕಂಡು ಅವನ ಮುಖ ಅರಳಿತು: ಯಾರ್ಡ್ಸ್, ಟರ್ನೋವರ್. ಗಲ್ಫಿಗೆ ಬರುವ ಮೊದಲು ಎಂಟು ವರ್ಷ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೆದವನಿಗೆ ಗಜ ಗೊತ್ತಿಲ್ಲವೇ, ವ್ಯಾಪಾರದ ಟರ್ನೋವರ್ ಗೊತ್ತಿಲ್ಲವೇ? ನೀಲಿಯವರ ಹತ್ತಿರ ಗಜಗಟ್ಟಲೆ ಮಾಲು, ಟರ್ನೋವರ್ ಮಾತ್ರ ಇಷ್ಟೇ ಇಷ್ಟು; ಮಾರಿಹೋಗದೆ ಕೊಳೆಯುವ ಮಾಲು. ಕೆಂಪಿನವರ ಹತ್ತಿರ ಮಾಲು ಕಮ್ಮಿ, ಟರ್ನೋವರ್ ಮೂರು ಪಟ್ಟು! ಸೋಮವಾರ ಬೆಳಗ್ಗೆ ಅವನು ಚೆಂದದ ಅಕ್ಷರದಲ್ಲಿ ಬರೆದು ಕೊಟ್ಟ: "ಟರ್ನೋವರ್ ಇಲ್ಲದ ಯಾರ್ಡ್ಸ್ ಬರೇ ಡೆಡ್ ಸ್ಟಾಕ್. ಕೆಂಪಿನವರು ಗೆಲ್ಲುತ್ತಾರೆ."

ಹಾಲಿಸ್ ಎರಡು ಸಲ ಓದಿದ. ಅವನ ಕಣ್ಣಲ್ಲಿ ನೀರು ಬಂತು. ಆ ವರ್ಷವಿಡೀ ಕೆಂಪಿನವರು ಗೆಲ್ಲುತ್ತಾರೆ ಎಂದವರು ಭೂಮಿಯ ಮೇಲೆ ಯಾರೂ ಇರಲಿಲ್ಲ, ಅವನ ತಾಯಿ ಕೂಡ.

"ಡೇಲ್!" ಎಂದು ಅಲ್ಲಿಂದಲೇ ಕೂಗಿದ. ಕ್ರಿಸ್ಮಸ್ಸಿಗೆ ಇಬ್ಬರು ಅಮೆರಿಕನ್ನರಲ್ಲಿ ಒಬ್ಬ ಸೈಟಿನಲ್ಲಿ ಉಳಿಯಲೇಬೇಕಿತ್ತು. ಯಾರು ಎಂದು ಹದಿನೈದು ದಿನದಿಂದ ಜಗಳ. ಈಗ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಯಾರ ಟೀಮು ಗೆಲ್ಲುತ್ತದೋ ಅವನು ಮನೆಗೆ, ಸೋತವನು ಮರಳುಗಾಡಿಗೆ. ಡೇಲ್ ಕೈ ಕುಲುಕಿ ನಗುತ್ತಾ ಹೋದ.

"ನಿನ್ನ ಕಾಗದಕ್ಕೆ ನಾಳೆ ಆಟ ಮುಗಿದ ಮೇಲೆ ಸಹಿ, ಕ್ಯಾಜ್," ಎಂದ ಹಾಲಿಸ್. "ನಾನು ಮನೆಗೆ ಹೋದರೆ ನೀನೂ ಹೋಗು. ನಾನು ಇಲ್ಲಿ ಕೊಳೆಯುವುದಾದರೆ ನೀನೂ ನನ್ನ ಜೊತೆ ಕೂತು ವರ್ಷದ ಲೆಕ್ಕ ಮುಗಿಸು. ಹೆದರಿಕೆ ಯಾಕೆ? ಲೆಕ್ಕ ನಿನ್ನದೇ ಅಲ್ಲವೇ!"

ಕಜೆಟನ್ ಕೂಡ ನಕ್ಕ. ಆ ನಗು ಮಧ್ಯಾಹ್ನದ ಊಟದವರೆಗೆ ಬಾಳಿತು.

ಮೆಸ್ಸಿನಲ್ಲಿ ಅವನ ಎದುರಿಗೆ ಕೂತವರು ಮೈಸೂರಿನ ಶ್ಯಾಮಸುಂದರ್, ಪ್ಲಾನಿಂಗ್ ಇಂಜಿನಿಯರ್. ಒಕ್ಲಹೋಮಾದಲ್ಲಿ ಎರಡು ವರ್ಷ ಓದಿ ಬಂದವರು, ಆ ಎರಡು ವರ್ಷದ ಮಾತನ್ನು ಹತ್ತು ವರ್ಷದಿಂದ ಆಡುತ್ತಿದ್ದವರು. ಪಕ್ಕದಲ್ಲಿ ಸ್ಟೋರ್‌ಕೀಪರ್ ಅಹ್ಮದ್ ಬಾವಾ, ಉಳ್ಳಾಲದವನು, ಕೇಳದಿದ್ದರೂ ಸಲಹೆ ಕೊಡುವವನು.

"ಏನ್ರೀ ಕಜೆಟನ್, ಕೆಂಪಿನವರು ಗೆಲ್ತಾರೆ ಅಂತ ಬರ್ಕೊಟ್ರಂತೆ? ಯಾವ ಆಧಾರದ ಮೇಲ್ರೀ?"

"ಟರ್ನೋವರ್ ಸಾರ್," ಎಂದ ಕಜೆಟನ್ ಮೀನಿನ ಮುಳ್ಳು ಬಿಡಿಸುತ್ತಾ. "ಕೆಂಪಿನವರದ್ದು ಮೂರು ಪಟ್ಟು ಉಂಟಲ್ಲ?"

ಶ್ಯಾಮಸುಂದರ್ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ರೀ! ಟರ್ನೋವರ್ ಅಂದ್ರೆ ಚೆಂಡನ್ನ ಎದುರಾಳಿ ಕೈಗೆ ಕೊಟ್ಬಿಡೋದು ಕಣ್ರೀ! ಕೈ ಜಾರಿ ಬೀಳ್ಸೋದು, ತಪ್ಪಾಗಿ ಎಸ್ಯೋದು! ಅದು ಜಾಸ್ತಿ ಇರೋದು ದರಿದ್ರ ಟೀಮಿಗೆ! ಯಾರ್ಡ್ಸ್ ಅಂದ್ರೆ ಮುಂದೆ ಹೋದ ದೂರ, ಬಟ್ಟೆ ಅಲ್ಲ!"

ಕಜೆಟನ್ನನ ಗಂಟಲಲ್ಲಿ ಮುಳ್ಳು ಇಲ್ಲದೆಯೇ ಅನ್ನ ಸಿಕ್ಕಿಕೊಂಡಿತು. ಬಾವಾ ಬೆನ್ನಿಗೆ ಗುದ್ದಿದ. ನೀರು ಕುಡಿದ ಮೇಲೆ ಬಾಯಿಂದ ಬಂದದ್ದು ಕೊಂಕಣಿಯಲ್ಲಿ ದೇವರನ್ನು ಕರೆಯುವ ಒಂದೇ ಶಬ್ದ: "ಸಾಯ್ಬಾ!"

"ಡೇಲ್ ನಿನ್ನೇನೇ ನನ್ನ ಕೇಳಿದ್ರು, ಅದಕ್ಕೇ ಒಪ್ಕೊಂಡಿದ್ದು," ಎಂದರು ಶ್ಯಾಮಸುಂದರ್ ಹೆಮ್ಮೆಯಿಂದ. "ಎಲ್ಲಾ ಅಂಕಿ-ಅಂಶ ನೀಲಿಯವರ ಕಡೆ ಇದೆ, ಸೋಲೋಕೆ ಸಾಧ್ಯಾನೇ ಇಲ್ಲ ಅಂತ ಗ್ಯಾರಂಟಿ ಕೊಟ್ಟಿದೀನಿ. ಅದಿರ್ಲಿ, ಇಲ್ಲೇ ಇದ್ರೆ ನಿಮಗೇನ್ರೀ ಕಷ್ಟ? ನನ್ನ ನೋಡಿ. ಎರಡು ವರ್ಷದಿಂದ ರಜೇನೇ ಕೇಳಿಲ್ಲ. ಊರಿಗೆ ಹೋದ್ರೆ ನಮ್ಮಮ್ಮ ಕಾಂತಮ್ಮನವರು ದಿನಕ್ಕೊಂದು ಮನೆಗೆ ಹೆಣ್ಣು ನೋಡೋಕೆ ಎಳ್ಕೊಂಡು ಹೋಗ್ತಾರೆ. ಇಲ್ಲೇ ನೆಮ್ಮದಿ."

"ನನ್ನ ಮಗು ಉಂಟು ಸಾರ್ ಅಲ್ಲಿ! ಮುಖ ಸಹ ನೋಡ್ಲಿಲ್ಲ ನಾನು!" ಕಜೆಟನ್ನನ ಧ್ವನಿ ಏರಿತು. ಸುತ್ತಲಿನ ಮೇಜಿನವರು ತಿರುಗಿ ನೋಡಿದರು.

ಬಾವಾನಿಗೆ ಮರುಕ ಹುಟ್ಟಿತು. ಮರುಕ ಹುಟ್ಟಿದರೆ ಅವನಿಗೆ ಉಪಾಯ ಹೊಳೆಯುತ್ತಿತ್ತು, ಅದೇ ಅವನ ಕಾಯಿಲೆ. "ಎಂತ ಹೆದ್ರುವುದು ಮಾರಾಯ? ಸೀದಾ ಹೋಗಿ ಹೇಳು, ಲೆಕ್ಕ ತಪ್ಪಿದೆ ಅಂತ. ಪಂದ್ಯ ಶುರುವಾಗ್ಲಿಲ್ಲ ಅಲ್ಲ ಇನ್ನು? ಮಾತು ಹಿಂದೆ ತಕ್ಕೊಂಡ್ರೆ ಖಲಾಸ್. ಬಾ, ನಾನೂ ಬರ್ತೇನೆ."

ಇಬ್ಬರೂ ಹೋದರು. ಹಾಲಿಸ್ ಫೋನಿನಲ್ಲಿದ್ದ. "ಮಾಮ್, ನನ್ನ ಅಕೌಂಟೆಂಟ್ ಬಂದ," ಎಂದು ರಿಸೀವರಿಗೆ ಕೈ ಅಡ್ಡ ಹಿಡಿದ. "ಟರ್ಕಿ ಕೋಳಿ ತರಿಸಿಡು ಅಂತ ಹೇಳುತ್ತಿದ್ದೆ. ಏನು ಕ್ಯಾಜ್?"

"ಸರ್... ಲೆಕ್ಕ ಸ್ವಲ್ಪ ತಪ್ಪಿದೆ. ಟರ್ನೋವರ್ ಅಂದರೆ ಕೆಟ್ಟದ್ದಂತೆ."

"ಕೆಟ್ಟದ್ದೇ! ಮಹಾ ಕೆಟ್ಟದ್ದು!" ಹಾಲಿಸ್ ಮೇಜು ಗುದ್ದಿದ. "ಅದು ಮಗುವಿಗೂ ಗೊತ್ತು. ಅದನ್ನು ನೋಡಿಯೂ ನೀನು ಕೆಂಪು ಅಂದೆಯಲ್ಲ, ಅದೇ ಬುದ್ಧಿವಂತಿಕೆ! ಎಲ್ಲರೂ ಮೇಲಿನದು ನೋಡುತ್ತಾರೆ, ನೀನು ಅಡಿಯದು ನೋಡಿದೆ."

"ಇಲ್ಲ ಸರ್, ನಾನು ಅಡಿಯದು ಏನೂ ನೋಡಲಿಲ್ಲ..."

ಬಾವಾ ಸಹಾಯಕ್ಕೆ ಬಂದ. ಅವನ ಇಂಗ್ಲಿಷ್ ಸ್ಟೋರಿನಷ್ಟೇ ಇಕ್ಕಟ್ಟು. "ಸಾರ್, ಹಿ ನೋ ಸೀ. ಹಿ ಓನ್ಲಿ ಕ್ಲಾತ್ ಶಾಪ್. ಬಟ್ ವೆರಿ ಗುಡ್ ಮ್ಯಾನ್."

"ನೋಡು ಮಾಮ್," ಎಂದ ಹಾಲಿಸ್ ಫೋನಿಗೆ, "ಎಷ್ಟು ವಿನಯ! ಜೊತೆಗೆ ಸಾಕ್ಷಿಯನ್ನೂ ಕರೆದುಕೊಂಡು ಬಂದಿದ್ದಾನೆ." ಬಾಜಿಯ ಕಾಗದಕ್ಕೆ ತನ್ನದೂ ಡೇಲ್‌ದೂ ಸಹಿ ಹಾಕಿಸಿ ಗೋಡೆಗೆ ಅಂಟಿಸಿದ್ದನ್ನು ತೋರಿಸಿದ. ಪಕ್ಕದಲ್ಲಿ ಕಜೆಟನ್ನನ ಡೆಡ್ ಸ್ಟಾಕ್ ವಾಕ್ಯವೂ ಇತ್ತು.

ಹೊರಗೆ ಬಂದು ಕಜೆಟನ್ ಮಸಿ ಹಿಡಿದ ಮೆಟ್ಟಿಲ ಮೇಲೆ ಕುಕ್ಕರಿಸಿದ. ಮುಂದೆ ಏನೆಲ್ಲ ಆಗುತ್ತದೆ ಎಂಬುದು ಅವನ ಕಣ್ಣೆದುರೇ ನಡೆಯತೊಡಗಿತು. ಇಗರ್ಜಿಯ ಬಾಗಿಲಲ್ಲಿ ಲಿಜ್ಜಿ, ಅವಳ ಪಕ್ಕ ಅತ್ತೆಯ ಮೊಣಕೈ, "ಅಪ್ಪ ಎಲ್ಲಿ?" ಎನ್ನುವ ಪಾದ್ರಿ. "ಒಂದು ಚೆಂಡಿನ ಲೆಕ್ಕ ತಪ್ಪಿ ಬಾಕಿಯಾದ್ರು" ಎಂದು ಹೇಳಲಿಕ್ಕಾಗುತ್ತದೆಯೇ? ಅಳು ಬಂತು, ಮುಚ್ಚಿಡದೆ ಅತ್ತ. ಬಾವಾ ಪಕ್ಕದಲ್ಲಿ ಕೂತು ಇನ್ನೊಂದು ಉಪಾಯ ಹೇಳಲು ಬಾಯಿ ತೆರೆದ. ಕಜೆಟನ್ ಎದ್ದು ಹೋದ.

ಅಮೆರಿಕದಲ್ಲಿ ಸೋಮವಾರ ರಾತ್ರಿ ಆಡುವ ಆಟ ಕುವೈತಿನಲ್ಲಿ ಮಂಗಳವಾರ ಬೆಳಗ್ಗೆ ಕೇಳುತ್ತಿತ್ತು. ಅಮೆರಿಕನ್ ಸೈನಿಕರ ರೇಡಿಯೋ ಹಾಕಿ, ಹಾಲಿಸನ ಕ್ಯಾಬಿನ್ನಿನಲ್ಲಿ ಎಲ್ಲರೂ ಸೇರಿದರು. ಹಾಲಿಸ್ ಕೆಂಪು ಟೊಪ್ಪಿಯಲ್ಲಿ, ಡೇಲ್ ನೀಲಿ ಟೊಪ್ಪಿಯಲ್ಲಿ. ಶ್ಯಾಮಸುಂದರ್ ಡೇಲ್‌ನ ಪಕ್ಕ ಮಂತ್ರಿಯ ಹಾಗೆ ಕೂತಿದ್ದರು. ಕಜೆಟನ್ ಮೂಲೆಯಲ್ಲಿ ಜಪಮಾಲೆ ಹಿಡಿದು ನಿಂತಿದ್ದ.

ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಕೆಂಪಿನವನೊಬ್ಬ ಚೆಂಡು ಬೀಳಿಸಿದ. ಶ್ಯಾಮಸುಂದರ್ ಹಿಂದಕ್ಕೆ ತಿರುಗಿ, "ಒಂದನೇ ಟರ್ನೋವರ್. ನಿಮ್ಮ ವ್ಯಾಪಾರ ಶುರು ಕಣ್ರೀ," ಎಂದರು. ಮತ್ತೆ ಒಂದು ಬಿತ್ತು. ಇನ್ನೊಂದು. ನೀಲಿಯವರು ಇಡೀ ಮೈದಾನ ತಮ್ಮದೇ ಹಿತ್ತಿಲು ಎಂಬಂತೆ ಆ ಕಡೆಯಿಂದ ಈ ಕಡೆಗೆ ಅಡ್ಡಾಡುತ್ತಿದ್ದರು. ಆದರೆ ಒಂದು ವಿಚಿತ್ರ. ಕೊನೆಯ ಗೆರೆಯವರೆಗೆ ಹೋಗುವುದು, ದಾಟಲಾಗದೆ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕಕ್ಕೆ ತೃಪ್ತಿಪಡುವುದು. ನಾಲ್ಕು ಸಲ ಹೋದರು, ನಾಲ್ಕು ಸಲವೂ ಮೂರೇ. ಹನ್ನೆರಡಕ್ಕೆ ಸೊನ್ನೆ.

"ಗಜ ನೋಡಿ, ಗಜ! ನಾಲ್ಕು ಪಟ್ಟು!" ಎಂದರು ಶ್ಯಾಮಸುಂದರ್.

ಆಗ ಕೆಂಪಿನವನೊಬ್ಬ ಎಸೆದ ಚೆಂಡು ನೀಲಿಯವನ ಹೆಲ್ಮೆಟ್ಟಿಗೆ ಬಡಿದು, ಮೇಲಕ್ಕೆ ಹಾರಿ, ಏನೂ ತಿಳಿಯದೆ ಪಕ್ಕದಲ್ಲಿ ಬಿದ್ದಿದ್ದ ಇನ್ನೊಬ್ಬ ಕೆಂಪಿನವನ ಮಡಿಲಿಗೆ ಬಂತು. ಅವನು ಎದ್ದು ಓಡಿದ, ಗೆರೆ ದಾಟಿದ. ಏಳು ಅಂಕ. ನೀಲಿಯವರು ಅವಸರದಲ್ಲಿ ಆ ದಿನದ ತಮ್ಮ ಒಂದೇ ಒಂದು ತಪ್ಪು ಮಾಡಿ ಚೆಂಡು ಜಾರಿಸಿದರು, ಕೆಂಪಿನವರು ಅದನ್ನೂ ಎತ್ತಿಕೊಂಡು ಓಡಿದರು. ಹದಿನಾಲ್ಕು!

ಕೊನೆಯ ಕ್ಷಣಕ್ಕೆ ನೀಲಿಯವರು ಒದೆಯಲು ನಿಂತರು. ಒಳಗೆ ಹೋದರೆ ಹದಿನೈದು. ಕಜೆಟನ್ ಕಣ್ಣು ಮುಚ್ಚಿದ. ರೇಡಿಯೋದಲ್ಲಿ 'ಠಣ್' ಎಂಬ ಶಬ್ದ ಕೇಳಿತೋ, ಅವನ ತಲೆಯೊಳಗೇ ಕೇಳಿತೋ, ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಹಾಲಿಸ್ ಕಜೆಟನ್ನನನ್ನು ಎತ್ತಿಕೊಂಡು ಕುಣಿದ. ಶ್ಯಾಮಸುಂದರ್ ಬಿಳಿಚಿಕೊಂಡು ಕೂತಿದ್ದರು. "ಅಂಕಿ-ಅಂಶ ಎಲ್ಲಾ ಅವರ ಕಡೆನೇ ಇತ್ತಲ್ರೀ... ಇದು ಹೇಗ್ರೀ ಸಾಧ್ಯ?" ಎಂದು ಗೋಡೆಗೆ ಕೇಳಿದರು. ಡೇಲ್ ಗೋಡೆಯ ಮೇಲಿನ ಕಜೆಟನ್ನನ ವಾಕ್ಯವನ್ನು ಓದುತ್ತಿದ್ದ. ಮೂರು ಸಲ ಓದಿದ.

"ಸರ್, ಸಹಿ!" ಕಜೆಟನ್ ಕಾಗದ ಚಾಚಿದ.

ಹಾಲಿಸ್ ಆಗಲೇ ಪೆಟ್ಟಿಗೆ ಎತ್ತಿದ್ದ. ಏರ್‌ಪೋರ್ಟಿನ ವ್ಯಾನು ಹೊರಗೆ ಹಾರ್ನ್ ಹಾಕುತ್ತಿತ್ತು. "ಕ್ಯಾಜ್, ರೂಲ್ಸ್ ಪ್ರಕಾರ ಈ ಗಳಿಗೆಯಿಂದ ನಾನು ರಜೆಯಲ್ಲಿ. ನನ್ನ ಸಹಿ ನಡೆಯದು. ಈಗ ಮ್ಯಾನೇಜರ್ ಡೇಲ್. ಅವನೇ ಹಾಕುತ್ತಾನೆ. ಮೆರ್ರಿ ಕ್ರಿಸ್ಮಸ್!"

ವ್ಯಾನು ಹೋಯಿತು. ಕಜೆಟನ್ ನಿಧಾನವಾಗಿ ತಿರುಗಿದ. ತಾನು ಸೋಲಿಸಿದ ಮನುಷ್ಯ ಹಾಲಿಸನ ಕುರ್ಚಿಯಲ್ಲಿ ಕೂತಿದ್ದ. ಇನ್ನು ಬೈಗುಳ ಎಂದು ತಲೆ ತಗ್ಗಿಸಿದ. ಆದರೆ ಡೇಲ್ ಎದ್ದು ಬಂದು, ಎರಡೂ ಕೈ ಹಿಡಿದು, ಕುರ್ಚಿ ಎಳೆದು ಕೂರಿಸಿದ.

"ಟರ್ನೋವರ್ ಇಲ್ಲದ ಯಾರ್ಡ್ಸ್ ಬರೇ ಡೆಡ್ ಸ್ಟಾಕ್," ಎಂದ ಭಕ್ತಿಯಿಂದ. "ಮೂವತ್ತು ವರ್ಷ ಆಟ ನೋಡಿದ್ದೇನೆ, ಇಷ್ಟು ನಿಜವಾದ ಮಾತು ಕೇಳಿಲ್ಲ. ಜನವರಿ ಕೊನೆಗೆ ಫೈನಲ್. ಅಲ್ಲಿಯವರೆಗೆ ದಿನಾ ಸಂಜೆ ನನಗೆ ಪಾಠ ಹೇಳು."

"ಸರ್, ನನಗೆ ಈ ಆಟ ಗೊತ್ತೇ ಇಲ್ಲ! ಬಟ್ಟೆ ಅಂಗಡಿ ಲೆಕ್ಕ ಅಂದುಕೊಂಡೆ! ದೇವರಾಣೆ!"

"ಹಾಲಿಸ್ ಹೇಳಿದ್ದ, ನೀನು ಹೀಗೇ ವಿನಯ ತೋರಿಸುತ್ತೀ ಅಂತ." ಡೇಲ್ ರಜೆ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ. "ಫೆಬ್ರುವರಿಯಲ್ಲಿ ಹೋಗು. ಮಗು ಎಲ್ಲಿಗೆ ಓಡಿಹೋಗುತ್ತದೆ?"

ಕಜೆಟನ್ ರೂಮಿಗೆ ಬಂದು ದಿಂಬಿನ ಮೇಲೆ ತಲೆಯಿಟ್ಟ. ಅಡಿಯಲ್ಲಿ ಪ್ಲಾಸ್ಟಿಕ್ ಚರಚರ ಎಂದಿತು. ಬಾಗಿಲು ತಟ್ಟಿ ಶ್ಯಾಮಸುಂದರ್ ಒಳಗೆ ಬಂದರು. ಕೈಯಲ್ಲಿ ಡೇಲ್ ಸಹಿ ಮಾಡಿದ ರಜೆ ಕಾಗದ ಇತ್ತು.

"ಡೇಲ್ ನನ್ನ ಮುಖ ನೋಡಲ್ವಂತೆ ಕಣ್ರೀ. ಅಂಕಿ-ಅಂಶ ಹೇಳಿ ಕ್ರಿಸ್ಮಸ್ ಹಾಳು ಮಾಡ್ದೆ ಅಂತ ಕೆಂಡವಾಗಿದಾರೆ. ಒಂದು ತಿಂಗಳು ಕಡ್ಡಾಯ ರಜೆ. ನಾಳೇನೇ ವಿಮಾನ ಹತ್ಬೇಕಂತೆ. ಅಮ್ಮನಿಗೆ ಗೊತ್ತಾದ್ರೆ ಛತ್ರಾನೇ ಬುಕ್ ಮಾಡ್ಬಿಡ್ತಾರೆ!"

ಕಜೆಟನ್ ಎದ್ದು ಕೂತ. ಆ ಸಹಿ ಮಾಡಿದ ಕಾಗದವನ್ನು ಮೇಲಿನಿಂದ ಕೆಳಗೆ ಓದಿದ. ಆಮೇಲೆ ದಿಂಬಿನ ಅಡಿಗೆ ಕೈ ಹಾಕಿ ಬಿಳಿ ಫ್ರಾಕಿನ ಚೀಲ ತೆಗೆದು ಅವರ ಕೈಗಿಟ್ಟ.

"ಸಾರ್, ಕಿನ್ನಿಗೋಳಿಗೆ ಮುಟ್ಟಿಸ್ತೀರಾ? ಮತ್ತೆ ಅಲ್ಲಿ ಮಗುವನ್ನು ಒಮ್ಮೆ ಸರಿಯಾಗಿ ನೋಡಿ ಬನ್ನಿ. ಹೇಗೆ ಉಂಟು ಅಂತ ನನಗೂ ಹೇಳ್ಬಹುದು."